ಹಾಡಿಗೆ ತಕ್ಕ ಅಕ್ಷರ

ಹಾಡು ಕಿವಿಯ ವಸ್ತು, ಅಕ್ಷರ ಕಣ್ಣಿನ ವಸ್ತು. ಇವೆರಡಕ್ಕೂ ಏನು ನಂಟು ಎಂದು ಯಾರಾದರೂ ಕೇಳಬಹುದು. ನಂಟು ಇದೆ, ಅದು ಸಾಮಾನ್ಯವಾದುದಲ್ಲ. ಹಾಡು ನಮ್ಮ ಕಿವಿಗೆ ಬೀಳುವುದಕ್ಕೆ ಮೊದಲೇ ಅದರ ಹೆಸರು ನಮ್ಮ ಕಣ್ಣಿಗೆ ಬಿದ್ದಿರುತ್ತದೆ. ಅಂಗಡಿಯ ಗಾಜಿನ ಹಿಂದೆ, ಬಸ್ ನಿಲ್ದಾಣದ ಗೋಡೆಯ ಮೇಲೆ, ಪತ್ರಿಕೆಯ ಮೂಲೆಯಲ್ಲಿ, ಈಚೆಗೆ ಅಂಗೈಯಲ್ಲಿರುವ ಫೋನಿನ ತೆರೆಯ ಮೇಲೆ, ಎಲ್ಲೋ ಒಂದು ಕಡೆ ನಾವು ಅದನ್ನು ಓದಿರುತ್ತೇವೆ. ಓದಿದ ಮರುಕ್ಷಣವೇ, ಇದು ನಮಗೆ ಒಗ್ಗುವ ಹಾಡು ಅಥವಾ ಒಗ್ಗದ ಹಾಡು ಎಂದು ಮನಸ್ಸು ತೀರ್ಪು ಕೊಟ್ಟುಬಿಟ್ಟಿರುತ್ತದೆ. ಗಾಯಕ ಬಾಯಿ ತೆರೆಯುವ ಮೊದಲೇ ಅವನ ಪರವಾಗಿ ಮಾತನಾಡಿಬಿಡುವ ದೂತನೆಂದರೆ ಅಕ್ಷರ. ದೂತ ತೊದಲಿದರೆ ರಾಜಕಾರ್ಯ ಕೆಡುತ್ತದೆಯಷ್ಟೆ!

ಈ ವಿಚಾರ ನನ್ನ ತಲೆಯನ್ನು ಹೊಕ್ಕದ್ದಕ್ಕೆ ವಿದ್ಯಾನಗರದ ನಾಲ್ವರು ತರುಣರು ಕಾರಣ. ತುಂಗೆಯ ಸೇತುವೆಯನ್ನು ದಾಟಿ ಭದ್ರಾವತಿಯ ಕಡೆಗೆ ಹೊರಟರೆ ಸಿಗುವ ನಮ್ಮ ವಿದ್ಯಾನಗರ ಹೆಸರಿಗೆ ತಕ್ಕಂತೆ ವಿದ್ಯಾರ್ಥಿಗಳ ಬಡಾವಣೆ. ಅಲ್ಲಿ ಓದು ಮುಗಿಸಿದ ನಾಲ್ವರು ಸೇರಿ ಗಿಟಾರು, ಕೊಳಲು, ಡ್ರಮ್ಮುಗಳ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದಾರೆ. ಆರು ಹಾಡುಗಳ ಆಲ್ಬಂ ಸಿದ್ಧವಾಗಿದೆ. ಅದರ ಹೊದಿಕೆಗೂ ಮೊದಲ ಕಛೇರಿಯ ಜಾಹೀರಾತಿಗೂ ಯಾವ ಫಾಂಟ್ ಆರಿಸಬೇಕೆಂಬುದು ಅವರ ಪ್ರಶ್ನೆ. ಕನ್ನಡದ ಮೇಷ್ಟ್ರಿಗೆ ಇದು ಗೊತ್ತಿರಬೇಕೆಂಬುದು ಅವರ ನಂಬಿಕೆ.

“ಸರ್, ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಬರೆದರೆ ಚೆನ್ನಾಗಿ ಕಾಣುತ್ತದೆ. ಕನ್ನಡದಲ್ಲಿ ಬರೆದರೆ ಮದುವೆಯ ಕರೆಯೋಲೆಯ ಹಾಗೆ ಕಾಣುತ್ತದೆ” ಎಂದ, ಅವರಲ್ಲಿ ಹಾಡುವವನು.

ಆ ಮಾತು ನನ್ನನ್ನು ಚುಚ್ಚಿತು. ಹಾಡುಗಳು ಆರಕ್ಕೆ ಆರೂ ಕನ್ನಡ. ಹೆಸರು ಮಾತ್ರ ಬೇರೆ ಲಿಪಿಯಲ್ಲಿ! ಆದರೆ ಚುಚ್ಚಿದ ಮಾತೆಲ್ಲ ಸುಳ್ಳಲ್ಲ. ಹಾಗೆ ಕಾಣುವುದಕ್ಕೆ ಕಾರಣಗಳಿವೆ. ಆ ಕಾರಣಗಳು ಕನ್ನಡ ಲಿಪಿಯಲ್ಲಿಲ್ಲ, ನಾವು ಅದನ್ನು ಬಳಸುವ ಬಗೆಯಲ್ಲಿವೆ.

ಹೊದಿಕೆಯ ಕಥೆ

ಗ್ರಾಮಫೋನ್ ತಟ್ಟೆಗಳ ಮೊದಲ ಕಾಲದಲ್ಲಿ ಹೊದಿಕೆಗೆ ಚಂದವೆಂಬುದೇ ಇರಲಿಲ್ಲ. ಒರಟು ಕಾಗದದ ಚೀಲ, ನಡುವೆ ಒಂದು ದುಂಡು ಕಿಂಡಿ, ಅಷ್ಟೆ. ೧೯೪೦ರಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿಯಲ್ಲಿದ್ದ ಅಲೆಕ್ಸ್ ಸ್ಟೈನ್‌ವೈಸ್ ಎಂಬ ಇಪ್ಪತ್ತಮೂರರ ತರುಣ, ಒಳಗಿನ ಸಂಗೀತಕ್ಕೆ ಹೊರಗೆ ಒಂದು ಚಿತ್ರ ಇರಬೇಡವೆ ಎಂದು ಯೋಚಿಸಿ ಚಿತ್ರದ ಹೊದಿಕೆಯನ್ನು ತಂದ. ಅಲ್ಲಿಂದ ಮುಂದೆ ಅಕ್ಷರಕ್ಕೂ ಹಾಡಿಗೂ ಮದುವೆಯಾಯಿತು. ೧೯೬೫ರಲ್ಲಿ ಬೀಟಲ್ಸ್ ತಂಡದ ‘ರಬ್ಬರ್ ಸೋಲ್’ ಹೊರಬಂದಾಗ ಚಾರ್ಲ್ಸ್ ಫ್ರಂಟ್ ಎಂಬ ಕಲಾವಿದ, ಮರದಿಂದ ಜಿನುಗಿ ಕೆಳಕ್ಕೆ ತೂಗುವ ರಬ್ಬರಿನ ಹಾಲಿನಂತೆ ಆ ಹೆಸರಿನ ಅಕ್ಷರಗಳನ್ನು ಉಬ್ಬಿಸಿ ಬರೆದ. ತಂಡದ ಹೆಸರೇ ಹೊದಿಕೆಯ ಮುಖದ ಮೇಲಿರಲಿಲ್ಲ. ಅಕ್ಷರದ ಆಕಾರವೇ ಗುರುತಾಯಿತು.

ಕನ್ನಡಕ್ಕೆ ಬಂದರೆ, ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಹೆಸರಾದ ‘ನಿತ್ಯೋತ್ಸವ’ ಹೊರಬಂದದ್ದು ೧೯೭೮ರಲ್ಲಿ. ಕವಿ ಕೆ. ಎಸ್. ನಿಸಾರ್ ಅಹಮದ್ ಅವರು ನಮ್ಮ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿದವರು; ರಾಗ ಸಂಯೋಜನೆ ಮೈಸೂರು ಅನಂತಸ್ವಾಮಿಯವರದು. ಶಿವಮೊಗ್ಗದ ಜನ ಈ ಧ್ವನಿಸುರುಳಿಯನ್ನು ತಮ್ಮ ಮನೆಯ ಮಗುವೆಂದೇ ಭಾವಿಸುವುದರಲ್ಲಿ ತಪ್ಪಿಲ್ಲ. ತರುವಾಯದ ದಶಕಗಳಲ್ಲಿ ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಮೊದಲಾದವರ ಧ್ವನಿಸುರುಳಿಗಳು ಮಧ್ಯಮವರ್ಗದ ಮನೆಮನೆಯ ಷೋಕೇಸಿನಲ್ಲಿ ಸಾಲಾಗಿ ನಿಂತವು. ಆ ಸಾಲಿನಲ್ಲಿ ಬೇಕಾದುದನ್ನು ಆರಿಸಿ ತೆಗೆಯುತ್ತಿದ್ದುದು ಹೇಗೆ? ಬೆನ್ನಿನ ಮೇಲೆ ಅಚ್ಚಾದ, ಕಾಲಂಗುಲ ಎತ್ತರವೂ ಇಲ್ಲದ ಕನ್ನಡ ಅಕ್ಷರವನ್ನು ಓದಿ!

ಇಲ್ಲೊಂದು ಲೆಕ್ಕವನ್ನು ಗಮನಿಸಬೇಕು. ದೊಡ್ಡ ಗ್ರಾಮಫೋನ್ ತಟ್ಟೆಯ ಹೊದಿಕೆ ೧೨ ಅಂಗುಲದ ಚೌಕ. ಧ್ವನಿಸುರುಳಿಯ ಹೊದಿಕೆ ಸುಮಾರು ನಾಲ್ಕು ಅಂಗುಲ ಎತ್ತರ, ಎರಡೂವರೆ ಅಂಗುಲ ಅಗಲ. ಧ್ವನಿಸಾಂದ್ರಿಕೆಯದು ೧೨ ಸೆಂಟಿಮೀಟರಿಗೆ ತುಸು ಮಿಕ್ಕ ಚೌಕ. ಈಗ ಹಾಡು ಫೋನಿನಲ್ಲೇ ಹುಟ್ಟಿ ಫೋನಿನಲ್ಲೇ ಬಾಳುತ್ತದೆ. ಅಲ್ಲಿ ಅದರ ಹೊದಿಕೆ ಬಹುತೇಕ ವೇಳೆ ಹೆಬ್ಬೆರಳ ಉಗುರಿನಷ್ಟು. ಎಂಬತ್ತು ವರ್ಷಗಳಲ್ಲಿ ಮನೆಯಂಗಳ ಹೋಗಿ ಕಿಟಕಿ ಉಳಿದಂತಾಗಿದೆ. ಆ ಉಗುರಿನಷ್ಟು ಜಾಗದಲ್ಲಿ ಬದುಕಬಲ್ಲ ಅಕ್ಷರವೇ ಇಂದಿನ ಅಕ್ಷರ.

ಕಲ್ಲಿನಿಂದ ಮೊಳೆಗೆ

ಕನ್ನಡದ ಅಕ್ಷರ ಹಳೆಯ ಕಾಲದ್ದು, ಹೊಸ ಹಾಡಿಗೆ ಒಗ್ಗದು ಎನ್ನುವವರು ಅದರ ಚರಿತ್ರೆಯನ್ನು ಒಮ್ಮೆ ನೋಡಬೇಕು. ನಮ್ಮ ಜಿಲ್ಲೆಯ ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಕದಂಬರ ಕಾಲದ ಒಂದು ಕಲ್ಲಿನ ಕಂಬವಿದೆ. ಐದನೆಯ ಶತಮಾನದ ಆ ಶಾಸನದ ಭಾಷೆ ಸಂಸ್ಕೃತವಾದರೂ ಲಿಪಿ ನಮ್ಮ ಲಿಪಿಯ ಪೂರ್ವಜ. ಅದನ್ನು ರಚಿಸಿದ ಕುಬ್ಜನೆಂಬ ಕವಿ ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದನೆಂದು ಶಾಸನವೇ ಹೇಳುತ್ತದೆ. ಕವಿಯೇ ಲಿಪಿಕಾರ! ಪದ್ಯ ಕಟ್ಟಿದ್ದರಿಂದಲೇ ಕೆಲಸ ಮುಗಿಯಿತೆಂದು ಅವನು ತಿಳಿಯಲಿಲ್ಲ. ಅದು ಓದುವವರ ಕಣ್ಣಿಗೆ ಹೇಗೆ ಕಾಣಬೇಕೆಂಬುದೂ ತನ್ನ ಹೊಣೆಯೆಂದು ಬಗೆದ. ಆ ಅಕ್ಷರಗಳ ನೆತ್ತಿಯ ಮೇಲೆ ಪುಟ್ಟ ಪೆಟ್ಟಿಗೆಯಂತಹ ಗುರುತುಗಳಿವೆ. ನೆತ್ತಿಯನ್ನು ಸಿಂಗರಿಸುವ ನಮ್ಮ ಲಿಪಿಯ ಹವ್ಯಾಸ ಅಷ್ಟು ಹಳೆಯದು. ಇಂದಿನ ತಲೆಕಟ್ಟು ಅದೇ ಮನೆತನದ್ದು.

ಕಲ್ಲಿನ ಮೇಲೆ ಉಳಿ ಆಡಿತು. ಓಲೆಗರಿಯ ಮೇಲೆ ಕಂಟ ಆಡಿತು. ನೇರವಾದ ಗೆರೆ ಓಲೆಯನ್ನು ಸೀಳಬಹುದೆಂಬ ಎಚ್ಚರವೂ ಅಕ್ಷರಗಳ ದುಂಡುತನಕ್ಕೆ ಒಂದು ಕಾರಣವೆಂದು ಬಲ್ಲವರು ಹೇಳುತ್ತಾರೆ. ೧೮೧೭ರಲ್ಲಿ ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತು. ೧೮೪೩ರ ಜುಲೈ ಒಂದರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರತಂದಾಗ ಅದು ಕಲ್ಲಚ್ಚಿನ ಪತ್ರಿಕೆ; ಎಂದರೆ ಕೈಬರಹದ ದುಂಡುತನ ಹಾಗೆಯೇ ಕಾಗದಕ್ಕೆ ಇಳಿಯಿತು. ಆಮೇಲೆ ಸೀಸದ ಮೊಳೆಗಳ ಕಾಲ ಬಂದಿತು. ಉಪಕರಣ ಬದಲಾದಂತೆಲ್ಲ ಕನ್ನಡದ ಅಕ್ಷರ ತನ್ನ ಮೈಯನ್ನು ಬದಲಿಸಿಕೊಂಡಿದೆ, ಮುಖವನ್ನು ಕಳೆದುಕೊಂಡಿಲ್ಲ. ಇಂತಹ ಲಿಪಿಗೆ ಗಿಟಾರಿನ ಜೊತೆ ನಿಲ್ಲಲು ಬಾರದೆ?

ಕೆಳಕ್ಕೂ ಬೆಳೆಯುವ ಅಕ್ಷರ

ಹಾಗಾದರೆ ಆ ತರುಣನಿಗೆ ಅದು ಕರೆಯೋಲೆಯಂತೆ ಏಕೆ ಕಂಡಿತು? ಇಂಗ್ಲಿಷಿನ ದೊಡ್ಡಕ್ಷರಗಳು ಕವಾಯತಿಗೆ ನಿಂತ ಸಿಪಾಯಿಗಳಂತೆ: ಎಲ್ಲರ ತಲೆಯೂ ಒಂದೇ ಮಟ್ಟ, ಎಲ್ಲರ ಕಾಲೂ ಒಂದೇ ಗೆರೆ. ಹೊದಿಕೆಯ ಮಾದರಿಗಳನ್ನು ರಚಿಸುವವರು ಆ ಸಾಲಿಗೆ ಸರಿಯಾಗಿ ಚೌಕಟ್ಟನ್ನು ಹಾಕಿರುತ್ತಾರೆ. ಕನ್ನಡದ ಪದವಾದರೋ ಕುಟುಂಬ ಸಮೇತ ಬರುವ ನೆಂಟ. ನೆತ್ತಿಯ ಮೇಲೆ ಗುಡಿಸು, ಏತ್ವ, ಪಕ್ಕಕ್ಕೆ ಕೊಂಬು, ದೀರ್ಘ, ಕಾಲಬಳಿ ಒತ್ತಕ್ಷರ. ‘ಸ್ತ್ರೀ’, ‘ರಾಷ್ಟ್ರ’ ಮೊದಲಾದ ಪದಗಳಲ್ಲಿ ಒತ್ತಿನ ಕೆಳಗೆ ಮತ್ತೊಂದು ಒತ್ತು. ಅವನನ್ನು ಸಿಪಾಯಿಯ ಚೌಕಟ್ಟಿಗೆ ತುರುಕಿದರೆ ಎರಡರಲ್ಲಿ ಒಂದು ಆಗುತ್ತದೆ: ಅಕ್ಷರ ಕುಗ್ಗಿ ಕೃಶವಾಗುತ್ತದೆ, ಇಲ್ಲವೆ ಒತ್ತು ಕತ್ತರಿಸಿಹೋಗುತ್ತದೆ.

ಒತ್ತು ಹೋದರೆ ಏನಾದೀತು? ‘ಸ್ವರ’ದ ಕಾಲಬಳಿಯ ವಕಾರ ಕತ್ತರಿಗೆ ಸಿಕ್ಕರೆ ಉಳಿಯುವುದು ‘ಸರ’. ಸಂಗೀತಕ್ಕೆಂದು ಬಂದವನು ಚಿನಿವಾರರ ಅಂಗಡಿಗೆ ಬಂದೆನೇ ಎಂದು ಗಾಬರಿಪಟ್ಟಾನು! ಮಹಾಪ್ರಾಣಗಳ ಸಂಕಟ ಇನ್ನೂ ಸೂಕ್ಷ್ಮ. ‘ಧನ’ದ ಹೊಟ್ಟೆಯ ಕೆಳಗಿನ ಚಿಕ್ಕ ಸೀಳು ಮಸಿಯಲ್ಲಿ ಮುಚ್ಚಿಹೋದರೆ ಕೊಟ್ಟಿಗೆಯ ‘ದನ’ ಹೊರಬರುತ್ತದೆ. ‘ಭಾಷೆ’ಯ ಎರಡು ಗೀರುಗಳು ಅಳಿಸಿದರೆ ‘ಬಾಪೆ’ ಎಂಬ ಅರ್ಥವಿಲ್ಲದ ಶಬ್ದ ಉಳಿಯುತ್ತದೆ. ಎಂದರೆ ಕನ್ನಡದಲ್ಲಿ ಅರ್ಥವು ಅನೇಕ ವೇಳೆ ಎಳ್ಳಿನಷ್ಟು ಗಾತ್ರದ ಗೆರೆಯೊಂದರ ಮೇಲೆ ನಿಂತಿರುತ್ತದೆ. ಉಗುರಿನಷ್ಟು ಹೊದಿಕೆಯಲ್ಲಿ ಆ ಎಳ್ಳು ಉಳಿಯುತ್ತದೆಯೆ ಎಂಬುದೇ ಫಾಂಟಿನ ಮೊದಲ ಪರೀಕ್ಷೆ. ನಮ್ಮ ತರುಣರ ಬ್ಯಾಂಡಿನ ಹೆಸರಿನಲ್ಲಿ ಒಂದು ಒತ್ತಕ್ಷರವೂ ಒಂದು ಮಹಾಪ್ರಾಣವೂ ಇದ್ದುದರಿಂದ ಈ ಪರೀಕ್ಷೆ ಅವರಿಗೆ ತಪ್ಪುವಂತಿರಲಿಲ್ಲ.

ಇಂಗ್ಲಿಷಿನಿಂದ ಎರವಲು ತಂದ ಇನ್ನೆರಡು ಚಾಳಿಗಳೂ ಇವೆ. ಗಾಂಭೀರ್ಯ ಬರಲೆಂದು ಅಕ್ಷರಗಳ ನಡುವೆ ಅಂತರ ಹೆಚ್ಚಿಸುವುದು ಒಂದು. ಹಾಗೆ ಮಾಡಿದಾಗ ಕೆಲವು ವೇಳೆ ದೀರ್ಘದ ಚಿಹ್ನೆ, ತಾಯಿಯ ಕೈತಪ್ಪಿದ ಜಾತ್ರೆಯ ಮಗುವಿನಂತೆ, ದೂರ ನಿಂತುಬಿಡುತ್ತದೆ. ವೇಗ ತೋರಲೆಂದು ಅಕ್ಷರಗಳನ್ನು ಬಲಕ್ಕೆ ವಾಲಿಸುವುದು ಇನ್ನೊಂದು. ದುಂಡು ಅಕ್ಷರವನ್ನು ಯಂತ್ರ ವಾಲಿಸಿದರೆ ಅದು ಓಡುವಂತೆ ಕಾಣುವುದಿಲ್ಲ, ಜಾರಿ ಬೀಳುವಂತೆ ಕಾಣುತ್ತದೆ. ಕನ್ನಡಕ್ಕೆ ವೇಗ ಬೇಕಾದರೆ ಅದನ್ನು ತಲೆಕಟ್ಟಿನ ಬೀಸಿನಲ್ಲಿ, ಒತ್ತಿನ ಬಳುಕಿನಲ್ಲಿ ಹುಡುಕಬೇಕು.

ಯಂತ್ರದ ಕೊಡುಗೆ, ಯಂತ್ರದ ಕಾಟ

ಗಣಕಯಂತ್ರಕ್ಕೆ ಕನ್ನಡ ಕಲಿಸಿದ ಹಿರಿಯರನ್ನು ಇಲ್ಲಿ ನೆನೆಯಬೇಕು. ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮ ಇಂದು ಲಕ್ಷಾಂತರ ಬೆರಳುಗಳಿಗೆ ರೂಢಿಯಾಗಿದೆ. ೧೯೯೮ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಸಿದ್ಧಪಡಿಸಿತು. ೨೦೦೧ರ ವಿಂಡೋಸ್ ಎಕ್ಸ್‌ಪಿಯೊಡನೆ ಮೈಕ್ರೋಸಾಫ್ಟ್ ಕಂಪೆನಿ ನೀಡಿದ ಕನ್ನಡ ಫಾಂಟಿನ ಹೆಸರು ‘ತುಂಗಾ’. ನಮ್ಮೂರ ಹೊಳೆಯ ಹೆಸರು ಹೊತ್ತ ಅಕ್ಷರ ಪ್ರಪಂಚದ ಮೂಲೆ ಮೂಲೆಯ ಯಂತ್ರಗಳಲ್ಲಿ ನೆಲೆಸಿರುವುದು ಶಿವಮೊಗ್ಗದವರಿಗೆ ಹೆಮ್ಮೆಯ ಸಂಗತಿಯಲ್ಲವೆ!

ಕಾಟವೂ ಉಂಟು. ಹಳೆಯ ಫಾಂಟುಗಳು ಇಂಗ್ಲಿಷಿನ ಸಂಕೇತಗಳ ಮೇಲೆ ಕನ್ನಡದ ವೇಷ ತೊಡಿಸಿದವು. ವೇಷ ಕಳಚಿದರೆ, ಎಂದರೆ ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ, ಅರ್ಥವಿಲ್ಲದ ರೋಮನ್ ಅಕ್ಷರಗಳು ಹಲ್ಲುಕಿರಿಯುತ್ತವೆ. ಯೂನಿಕೋಡ್ ಬಂದ ಮೇಲೆ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ತನ್ನದೇ ಆದ ಸಂಕೇತ ದೊರೆತು ಆ ತೊಂದರೆ ತೀರಿತು. ಆದರೆ ಚಿತ್ರ ವಿನ್ಯಾಸದ ಹಳೆಯ ತಂತ್ರಾಂಶಗಳಿಗೆ ಕನ್ನಡದ ಒತ್ತನ್ನು ಕೂಡಿಸುವ ವಿದ್ಯೆ ತಿಳಿಯದು. ಅವುಗಳಲ್ಲಿ ‘ಸ್ವರ’ವೆಂಬುದು ‘ಸ್‌ವರ’ವೆಂದು ಒಡೆದುಬೀಳುತ್ತದೆ. ಹೊಸ ತಂತ್ರಾಂಶಗಳಲ್ಲಿಯೂ ಭಾರತೀಯ ಲಿಪಿಗಳ ಜೋಡಣೆಯನ್ನು ನಾವೇ ಆರಿಸಿಕೊಳ್ಳಬೇಕಾದ ಸಂದರ್ಭಗಳಿವೆ. ಬೆಂಗಳೂರಿಗೋ ಮುಂಬಯಿಗೋ ಕೆಲಸ ಕಳುಹಿಸಿ, ಕನ್ನಡ ಬಾರದವರ ಕೈಯಲ್ಲಿ ಮಾಡಿಸಿದರೆ ಒಡೆದ ಅಕ್ಷರ ಹಾಗೆಯೇ ಅಚ್ಚಾಗಿ ಬರುವುದುಂಟು. ಕರಡನ್ನು ಕನ್ನಡ ಬಲ್ಲವರೊಬ್ಬರು ಓದದೆ ಅಚ್ಚಿಗೆ ಬಿಡಬಾರದೆಂಬುದು ಮೊಳೆಯ ಕಾಲದ ನಿಯಮ; ಅದು ಇಂದಿಗೂ ಹಳತಾಗಿಲ್ಲ.

ಇಷ್ಟಾದರೂ ಇಂದಿನ ತರುಣರಿಗಿರುವಷ್ಟು ಆಯ್ಕೆ ಹಿಂದೆ ಯಾರಿಗೂ ಇರಲಿಲ್ಲ. ಎಕ್ ಟೈಪ್ ಸಂಸ್ಥೆಯ ‘ಬಾಲೂ ತಮ್ಮ’ ಗುಂಡುಗುಂಡಾಗಿ, ತುಂಬು ಕೆನ್ನೆಯ ಹುಡುಗನಂತಿದೆ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೋ ಅವರ ‘ಅಕಾಯ ಕನಡಕ’ದಲ್ಲಿ ಕೈಬರಹದ ಕುಣಿತವಿದೆ. ಮೂರ್ತಿ ಶಾಸ್ತ್ರೀಯ ಗ್ರಂಥಮಾಲೆಗಾಗಿ ರೂಪುಗೊಂಡ ‘ಟಿರೋ ಕನ್ನಡ’ಕ್ಕೆ ಒಳ್ಳೆಯ ಪುಸ್ತಕದ ಗಾಂಭೀರ್ಯವಿದೆ. ‘ಅನೇಕ್ ಕನ್ನಡ’ ತೆಳುವಿನಿಂದ ದಪ್ಪದವರೆಗೆ, ಇಕ್ಕಟ್ಟಿನಿಂದ ಅಗಲದವರೆಗೆ ಹಲವು ಮೈಕಟ್ಟುಗಳಲ್ಲಿ ದೊರೆಯುತ್ತದೆ. ಇವೆಲ್ಲವೂ ಮುಕ್ತ ಪರವಾನಗಿಯವು. ಬೆಲೆ ಕೊಡಬೇಕಾಗಿಲ್ಲ, ಆಲ್ಬಂ ಮಾರಿದರೂ ಆಕ್ಷೇಪವಿಲ್ಲ. ಬೆಲೆಯಿಟ್ಟು ಮಾರುವ ಫಾಂಟುಗಳನ್ನು ಬಳಸುವುದಾದರೆ ಬೆಲೆ ಕೊಟ್ಟೇ ಬಳಸುವುದು ಧರ್ಮ. ತನ್ನ ಹಾಡನ್ನು ಯಾರೂ ಕದಿಯಬಾರದೆನ್ನುವ ಗಾಯಕ ಇನ್ನೊಬ್ಬನ ಅಕ್ಷರವನ್ನು ಕದಿಯಬಹುದೆ?

ಹೊದಿಕೆಗೆ ಒಂದು, ಜಾಹೀರಾತಿಗೆ ಇನ್ನೊಂದು

ಆಯ್ಕೆಯ ವಿಚಾರಕ್ಕೆ ಬರೋಣ. ಹೊದಿಕೆಯ ಕೆಲಸ ಬೇರೆ, ಜಾಹೀರಾತಿನ ಕೆಲಸ ಬೇರೆ. ಹೊದಿಕೆ ತನ್ನ ಸ್ವಭಾವವನ್ನು ಹೇಳಿಕೊಳ್ಳುತ್ತದೆ. ಅಲ್ಲಿರುವುದು ಎರಡು ಮೂರು ಪದ. ಜಾಹೀರಾತು ಸುದ್ದಿ ಮುಟ್ಟಿಸುತ್ತದೆ. ಅಲ್ಲಿ ದಿನ, ವೇಳೆ, ಸ್ಥಳ, ಟಿಕೆಟಿನ ಬೆಲೆ, ಎಲ್ಲವೂ ಇರಬೇಕು. ೧೯೬೬ರ ಸುಮಾರಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವೆಸ್ ವಿಲ್ಸನ್ ಎಂಬ ಕಲಾವಿದ ಉರಿಯುವ ಜ್ವಾಲೆಯಂತೆ ಬಳುಕುವ ಅಕ್ಷರಗಳಿಂದ ಸಂಗೀತ ಕಛೇರಿಗಳ ಭಿತ್ತಿಪತ್ರಗಳನ್ನು ಬರೆದ. ಓದುವುದು ಕಷ್ಟ, ಆ ಕಷ್ಟಕ್ಕಾಗಿಯೇ ಜನ ನಿಂತು ನೋಡಿದರು. ಅದು ಅಲ್ಲಿಗೆ ಸರಿಹೋಯಿತು. ಬಿ. ಎಚ್. ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಓದುವವರಿಗೆ ಅಷ್ಟು ಪುರುಸೊತ್ತಿಲ್ಲ. ಕುವೆಂಪು ರಂಗಮಂದಿರವೆಂಬುದೂ ಸಂಜೆ ಆರು ಗಂಟೆಯೆಂಬುದೂ ಒಂದೇ ನೋಟಕ್ಕೆ ತಿಳಿಯಬೇಕು. ಆದ್ದರಿಂದ ಹೆಸರಿಗೆ ಸ್ವಭಾವವುಳ್ಳ ಒಂದು ಅಕ್ಷರ, ವಿವರಕ್ಕೆ ಸರಳವಾದ ಇನ್ನೊಂದು. ಮೂರನೆಯದು ಬಂದರೆ ಜಗಳ.

ಸ್ವಭಾವವನ್ನು ಹಾಡಿನಿಂದಲೇ ತಿಳಿಯಬೇಕು. ಶಿಶುನಾಳ ಶರೀಫರ ತತ್ತ್ವಪದಗಳನ್ನು ಅಶ್ವತ್ಥರು ಹಾಡಿದ ಬಗೆಯೊಂದು. ೨೦೦೮ರ ತಮ್ಮ ಮೊದಲ ಆಲ್ಬಂನಲ್ಲಿ ರಘು ದೀಕ್ಷಿತ್ ಹಾಡಿದ ಬಗೆ ಇನ್ನೊಂದು. ಪದ ಅದೇ, ದನಿ ಬೇರೆ. ಮೊದಲನೆಯದಕ್ಕೆ ಒಪ್ಪುವ ಲಿಪಿ ಎರಡನೆಯದಕ್ಕೂ ಒಪ್ಪಬೇಕೆಂಬ ನಿಯಮವಿಲ್ಲ. ಹೀಗಾಗಿ ಹಾಡು ಯಾವ ಜಾತಿಯದೆಂದು ಕೇಳುವುದಕ್ಕಿಂತ ಅದು ಪಿಸುಗುಟ್ಟುತ್ತದೆಯೋ, ಕೂಗಿ ಕರೆಯುತ್ತದೆಯೋ ಎಂದು ಕೇಳಿಕೊಳ್ಳುವುದು ಲೇಸು. ಪಿಸುಮಾತಿಗೆ ತೆಳು ಗೆರೆ, ವಿಶಾಲವಾದ ಬಯಲು. ಕೂಗಿಗೆ ದಪ್ಪ ಗೆರೆ, ತುಂಬಿದ ಚೌಕಟ್ಟು.

ನಮ್ಮ ತರುಣರು ಮೂರು ಬಗೆಯ ಮಾದರಿಗಳನ್ನು ಅಚ್ಚು ಮಾಡಿಸಿ ತಂದರು. ಪರೀಕ್ಷೆಯೂ ಮೂರು ಬಗೆಯಾಗಿ ನಡೆಯಿತು. ಮೊದಲು ಉಗುರಿನಷ್ಟು ಕುಗ್ಗಿಸಿ ನೋಡಿದೆವು. ದಪ್ಪನೆಯ ಮಾದರಿಯಲ್ಲಿ ಮಹಾಪ್ರಾಣದ ಸೀಳು ಮುಚ್ಚಿಹೋಯಿತು. ಎರಡನೆಯದಾಗಿ ಗೋಡೆಗೆ ಅಂಟಿಸಿ ರಸ್ತೆಯ ಆಚೆಯಿಂದ ನೋಡಿದೆವು. ತೆಳ್ಳನೆಯ ಮಾದರಿ ಬಿಸಿಲಿಗೆ ಕರಗಿಹೋಯಿತು. ಮೂರನೆಯ ಪರೀಕ್ಷೆ ನಮ್ಮ ತಾಯಿಯವರದು. ಕನ್ನಡಕ ಹಾಕಿಕೊಂಡು ಉಳಿದೊಂದನ್ನು ತಡವರಿಸದೆ ಓದಿದ ಅವರು, “ಒತ್ತಿಗೆ ಇನ್ನೊಂದು ಚೂರು ಜಾಗ ಬಿಡಿ, ಮಗೂ, ಪಾಪ, ಕಾಲು ಮಡಚಿ ಕೂತ ಹಾಗಿದೆ” ಎಂದರು. ಚೌಕಟ್ಟು ಕೆಳಕ್ಕೆ ಒಂದು ಬೆರಳಿನಷ್ಟು ಸರಿಯಿತು. ಈಗ ಹೆಸರು ಕರೆಯೋಲೆಯಂತೆ ಕಾಣಲಿಲ್ಲ. ಹಾಡುವವನ ಮುಖದಲ್ಲಿಯೂ ಒಂದು ನಗೆ ಕಂಡಿತು.

ಕೈಯ ಅಕ್ಷರ

ಇನ್ನೊಂದು ದಾರಿಯೂ ಇದೆ. ಅದು ಫಾಂಟಿನ ದಾರಿಯಲ್ಲ. ಶಿವಮೊಗ್ಗ, ಭದ್ರಾವತಿಗಳ ಅಂಗಡಿ ಬೀದಿಗಳಲ್ಲಿ ಒಂದು ಕಾಲಕ್ಕೆ ಬೋರ್ಡು ಬರೆಯುವ ಕಲಾವಿದರಿಗೆ ಬಿಡುವಿರಲಿಲ್ಲ. ಕಬ್ಬಿಣದ ತಗಡಿನ ಮೇಲೆ ಸುಣ್ಣದ ದಾರದಿಂದ ಗೆರೆ ಹೊಡೆದು, ಕುಂಚವನ್ನು ಒಂದೇ ಉಸಿರಿಗೆ ತಿರುಗಿಸಿ ತಲೆಕಟ್ಟು ಎಳೆಯುತ್ತಿದ್ದ ಅವರ ಕೈ, ಯಾವ ಅಕ್ಷರಕ್ಕೆ ಎಷ್ಟು ಜಾಗ ಬೇಕೆಂಬುದನ್ನು ಅಳತೆಕೋಲಿಲ್ಲದೆ ಬಲ್ಲುದಾಗಿತ್ತು. ಫ್ಲೆಕ್ಸ್ ಬಂದ ಮೇಲೆ ಆ ಕುಂಚಗಳು ಒಣಗಿದವು. ಕಾಗದವನ್ನೇ ಉಸಿರಾಡುತ್ತಿದ್ದ ಭದ್ರಾವತಿಯ ಮೈಸೂರು ಪೇಪರ್ ಮಿಲ್ಸಿನ ಯಂತ್ರಗಳು ಮೌನವಾದಂತೆ, ಈ ಬೀದಿಯ ಕಲೆಯೂ ಸದ್ದಿಲ್ಲದೆ ಹಿಂದೆ ಸರಿಯಿತು.

ಅಂತಹ ಹಿರಿಯ ಕಲಾವಿದರು ಇನ್ನೂ ಅಲ್ಲಲ್ಲಿ ಉಳಿದಿದ್ದಾರೆ. ಆಲ್ಬಂನ ಹೆಸರು ಎರಡೇ ಪದವಾದರೆ ಅವರಲ್ಲೊಬ್ಬರಿಂದ ಕೈಯಲ್ಲಿ ಬರೆಯಿಸಿ, ಅದನ್ನೇ ಯಂತ್ರಕ್ಕೆ ಏರಿಸಬಹುದು. ಫಾಂಟಿನಲ್ಲಿ ಎರಡು ‘ನ’ಕಾರಗಳು ಅವಳಿಗಳಂತೆ ಒಂದೇ ರೂಪ, ಕೈಬರಹದಲ್ಲಿ ಅವು ಅಕ್ಕತಂಗಿಯರಂತೆ, ಹೋಲಿಕೆಯುಂಟು, ಆದರೆ ಅವರವರ ಮುಖ ಅವರವರಿಗೆ. ಹಾಡಿನಲ್ಲಿಯೂ ಒಂದೇ ಪಲ್ಲವಿ ಎರಡನೆಯ ಸಲ ಬಂದಾಗ ತುಸು ಬೇರೆಯಾಗಿಯೇ ಬರುತ್ತದೆಯಲ್ಲವೆ? ಕುಂಚಕ್ಕೆ ಕೂಲಿ, ತರುಣರಿಗೆ ಬೇರೆ ಯಾರಲ್ಲಿಯೂ ಇಲ್ಲದ ಅಕ್ಷರ: ಇಬ್ಬರಿಗೂ ಲಾಭವೇ.

ಯಾರಿಗಾಗಿ ಬರೆಯುತ್ತೇವೆ?

ಇಷ್ಟೆಲ್ಲ ಕಷ್ಟಪಡುವ ಬದಲು ರೋಮನ್ ಲಿಪಿಯಲ್ಲಿ ಬರೆದು ಸುಮ್ಮನಾಗಬಾರದೆ ಎಂದು ಕೇಳುವವರಿದ್ದಾರೆ. ಹೊರನಾಡಿನವರಿಗೂ ತಿಳಿಯಲಿ ಎಂಬ ಆಸೆ ತಪ್ಪಲ್ಲ. ಹೆಸರನ್ನು ಎರಡು ಲಿಪಿಗಳಲ್ಲಿ ಬರೆಯಲಿ. ಆದರೆ ಕನ್ನಡದ ಹೆಸರನ್ನು ಕನ್ನಡದಲ್ಲಿ ಬರೆಯದೆ ಇದ್ದಾಗ ಮನೆಯ ಅಜ್ಜಿಗೆ ಮೊಮ್ಮಗನ ಹಾಡಿನ ಹೆಸರು ಓದಲು ಬಾರದೆ ಹೋಗುತ್ತದೆ. ರೋಮನ್ ಅಕ್ಷರದಲ್ಲಿ ‘ಹಾಲು’ ಯಾವುದು, ‘ಹಾಳು’ ಯಾವುದು ಎಂಬ ಭೇದವನ್ನೂ ಊಹೆಗೆ ಬಿಡಬೇಕಾಗುತ್ತದೆ. ಲಿಪಿ ಸಾಯುವುದು ಯಾರೋ ಅದನ್ನು ನಿಷೇಧಿಸಿದಾಗ ಮಾತ್ರವಲ್ಲ; ಸಂತೋಷದ ಸಂದರ್ಭಗಳಲ್ಲಿ ಅದನ್ನು ಬಳಸುವುದು ನಿಂತಾಗಲೂ ಅದು ಸೊರಗುತ್ತದೆ. ತೆರಿಗೆಯ ಚೀಟಿಗೂ ಕಛೇರಿಯ ಸುತ್ತೋಲೆಗೂ ಮಾತ್ರ ಕನ್ನಡ, ಹರೆಯದ ಹಾಡಿಗೆ ಬೇರೆ ಲಿಪಿ ಎಂದಾದರೆ, ಮಕ್ಕಳ ಕಣ್ಣಿಗೆ ಕನ್ನಡ ಅಕ್ಷರವೆಂದರೆ ಬೇಸರದ ಗುರುತಾಗುತ್ತದೆ.

ಆದಕಾರಣ ಹೊದಿಕೆಯ ಮೇಲಿನ ಆ ಎರಡು ಪದಗಳ ಆಯ್ಕೆ ಸಣ್ಣ ಕೆಲಸವಲ್ಲ. ತಾಳಗುಂದದ ಕುಬ್ಜ ಕಲ್ಲಿನ ಮುಂದೆ ನಿಂತು ಹೊತ್ತ ಹೊಣೆಯನ್ನೇ ಇಂದು ಗಿಟಾರು ಹಿಡಿದ ಹುಡುಗರು ಹೊರುತ್ತಿದ್ದಾರೆ. ಒತ್ತಿಗೆ ಜಾಗ ಬಿಡಿ, ಸೀಳು ಮುಚ್ಚದಂತೆ ನೋಡಿಕೊಳ್ಳಿ, ದನಿಗೆ ತಕ್ಕ ಗೆರೆಯನ್ನು ಆರಿಸಿ. ಅಷ್ಟು ಮಾಡಿದರೆ ಕನ್ನಡದ ಅಕ್ಷರ ಯಾವ ವಾದ್ಯದ ಪಕ್ಕದಲ್ಲಿಯೂ ತಲೆಯೆತ್ತಿ, ತಲೆಕಟ್ಟಿನೊಡನೆಯೇ ನಿಲ್ಲಬಲ್ಲುದು.